ಓದುಗರ ಪ್ರಶ್ನೆ, ನಮ್ಮ ಉತ್ತರ: ಪೇಟೆಯ ಕೋವಿ ಅಂಗಡಿ ಎಲ್ಲಿ ಹೋಯಿತು?

ಎರಡು ತಿಂಗಳ ಹಿಂದೆ ಇದೇ ಪುಟದಲ್ಲಿ ಬೆಳೆ ರಕ್ಷಣೆಯ ಕೋವಿ ಲೈಸೆನ್ಸ್ ನವೀಕರಣದ ಬಗ್ಗೆ ಒಂದು ಚಿಕ್ಕ ಉತ್ತರ ಬರೆದಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಲೈಸೆನ್ಸಿಗಿಂತ ಅಂಗಡಿಯ ಚಿಂತೆಯೇ ಜಾಸ್ತಿ. ಪೇಟೆಯ ಕೋವಿ ಅಂಗಡಿ ಮುಚ್ಚಿದೆ, ತೋಟಾ (ಕೋವಿಗೆ ಹಾಕುವ ಕಾರ್ಟ್ರಿಡ್ಜ್) ಸಿಗುತ್ತಿಲ್ಲ, ರಿಪೇರಿಗೆ ಜನ ಇಲ್ಲ ಅಂತ. ನನ್ನ ಸೋದರಮಾವ ಮಲೆನಾಡಿನ ಒಂದು ಪೇಟೆಯಲ್ಲಿ ಇಂಥದೇ ಅಂಗಡಿ ನಡೆಸುತ್ತಿದ್ದರು. ಬೇಸಿಗೆ ರಜೆ ಪೂರ್ತಿ ಆ ಅಂಗಡಿಯ ಬೆಂಚಿನ ಮೇಲೆ ಕಳೆದವನು ನಾನು. ಹಾಗಾಗಿ ಈ ಸಲದ ಪುಟ ಇದಕ್ಕೇ ಮೀಸಲು.

ಪ್ರಶ್ನೆ: ಅಜ್ಜನ ಕಾಲದ ಒಂದು ಜೋಡಿ ನಳಿಗೆ ತೋಟಾ ಕೋವಿ ನಮ್ಮದು. ಅಪ್ಪ ಕಾಯಿಲೆ ಬಿದ್ದ ಮೇಲೆ ಅದನ್ನು ಪೇಟೆಯ ಕೋವಿ ಅಂಗಡಿಯಲ್ಲಿ ಡಿಪಾಸಿಟ್ ಇಟ್ಟಿದ್ದರು. ಅಪ್ಪ ಹೋಗಿ ಎಂಟು ತಿಂಗಳಾಯಿತು. ಮೊನ್ನೆ ವಿಚಾರಿಸೋಣ ಅಂತ ಹೋದರೆ ಆ ಜಾಗದಲ್ಲಿ ಮೊಬೈಲ್ ಕವರ್ ಮಾರುತ್ತಿದ್ದಾರೆ. ನಮ್ಮ ಕೋವಿ ಎಲ್ಲಿ ಹೋಯಿತು? ಅಷ್ಟು ವರ್ಷ ನಡೆದ ಅಂಗಡಿ ಯಾಕೆ ಮುಚ್ಚಿತು?
— ಸಾಗರ ತಾಲ್ಲೂಕಿನ ಓದುಗರು

ಉತ್ತರ: ಮೊದಲು ನಿಮ್ಮ ಕೋವಿಯ ಮಾತು. ಗಾಬರಿ ಬೇಡ. ಅಂಗಡಿಯವರು ಲೈಸೆನ್ಸ್ ಬಿಟ್ಟುಕೊಡುವಾಗ ಡಿಪಾಸಿಟ್ ಬಂದ ಕೋವಿಗಳನ್ನು ಮನೆಗೆ ಒಯ್ಯುವ ಹಾಗಿಲ್ಲ, ಒಂದೊಂದರ ಲೆಕ್ಕವನ್ನೂ ಒಪ್ಪಿಸಬೇಕು. ಸಾಮಾನ್ಯವಾಗಿ ಅವು ಪೊಲೀಸರ ವಶಕ್ಕೆ ಅಥವಾ ಲೈಸೆನ್ಸ್ ಇರುವ ಇನ್ನೊಂದು ಅಂಗಡಿಗೆ ಹೋಗಿರುತ್ತವೆ. ಡಿಪಾಸಿಟ್ ರಸೀದಿ, ಅಪ್ಪನ ಲೈಸೆನ್ಸ್ ಪುಸ್ತಕ, ಮರಣ ಪ್ರಮಾಣಪತ್ರ, ವಂಶವೃಕ್ಷ ಇಷ್ಟನ್ನೂ ಹಿಡಿದುಕೊಂಡು ಡಿಸಿ ಕಚೇರಿಯ ಮ್ಯಾಜಿಸ್ಟೀರಿಯಲ್ ಶಾಖೆಗೆ ಹೋಗಿ, ಕೋವಿಯ ನಂಬರ್ ಹೇಳಿ ಕೇಳಿ. (ಪೊಲೀಸ್ ಕಮಿಷನರ್ ಇರುವ ನಗರಗಳವರು ಕಮಿಷನರ್ ಕಚೇರಿಗೆ ಹೋಗಬೇಕು.) ರಸೀದಿ ಕಳೆದಿದ್ದರೂ ಲೈಸೆನ್ಸ್ ಪುಸ್ತಕದಲ್ಲಿ ನಂಬರ್ ಇದ್ದೇ ಇರುತ್ತದೆ.

ಕೋವಿ ನಿಮ್ಮ ಹೆಸರಿಗೆ ಬೇಕು ಅಂದರೆ 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ದಾರಿ ಇದೆ, ವಾರಸುದಾರರಾಗಿ ಅರ್ಜಿ ಹಾಕಬಹುದು. ಇನ್ನೊಂದು ವಿಷಯ ಎಷ್ಟೋ ಮನೆಗಳಿಗೆ ಗೊತ್ತೇ ಇಲ್ಲ. ಲೈಸೆನ್ಸ್‌ದಾರರಿಗೆ 70 ವರ್ಷ ತುಂಬಿದರೆ ಅಥವಾ ಕೋವಿ ಅವರ ಕೈಯಲ್ಲಿ 25 ವರ್ಷ ಇದ್ದರೆ, ಅವರು ಬದುಕಿರುವಾಗಲೇ ಮಕ್ಕಳ ಹೆಸರಿಗೆ ಕೊಡಲು ಅರ್ಜಿ ಹಾಕಬಹುದು. ಮನೆಯಲ್ಲಿ ವಯಸ್ಸಾದವರು ಇದ್ದರೆ ಈಗಲೇ ಈ ಕೆಲಸ ಮಾಡಿಕೊಳ್ಳಿ. ಕೋವಿ ಬೇಡ ಅಂದರೆ ಅನುಮತಿ ಪಡೆದು ಮಾರಬಹುದು. ಏನೇ ಮಾಡಿದರೂ ತಡ ಮಾಡಬೇಡಿ. ಡಿಪಾಸಿಟ್ ಇಟ್ಟದ್ದನ್ನು ನಿಯಮದ ಅವಧಿಯೊಳಗೆ ಬಿಡಿಸಿಕೊಳ್ಳದಿದ್ದರೆ ಅದು ಸರ್ಕಾರದ ಪಾಲಾಗುತ್ತದೆ.

ಇನ್ನು ಅಂಗಡಿ ಯಾಕೆ ಮುಚ್ಚಿತು ಅನ್ನೋದು. ಇದಕ್ಕೆ ಒಂದೇ ಕಾರಣ ಹೇಳಿದರೆ ತಪ್ಪಾಗುತ್ತದೆ. ಐವತ್ತು ವರ್ಷದಿಂದ ನಿಧಾನವಾಗಿ ನಡೆದುಕೊಂಡು ಬಂದ ಕಥೆ ಇದು.

ನನ್ನ ಮಾವನ ಅಂಗಡಿ ಶುರುವಾಗಿದ್ದೇ ಶಿಕಾರಿಯವರನ್ನು ನಂಬಿಕೊಂಡು. 1972ರಲ್ಲಿ ವನ್ಯಜೀವಿ ಕಾಯ್ದೆ ಬಂತು, 1991ರ ತಿದ್ದುಪಡಿಯ ಹೊತ್ತಿಗೆ ಶಿಕಾರಿಗೆ ಉಳಿದಿದ್ದ ಕಿಂಡಿಯೂ ಮುಚ್ಚಿತು. ಅದು ಆಗಲೇಬೇಕಿತ್ತು, ಆಗದಿದ್ದರೆ ನಮ್ಮ ಕಾಡಿನಲ್ಲಿ ಇವತ್ತು ಏನೂ ಉಳಿಯುತ್ತಿರಲಿಲ್ಲ. ಮಾವನೂ ಹಾಗೇ ಹೇಳುತ್ತಿದ್ದರು. ಆದರೆ ವಾರಕ್ಕೊಮ್ಮೆ ತೋಟಾ ಒಯ್ಯುತ್ತಿದ್ದವರು ವರ್ಷಕ್ಕೊಮ್ಮೆ ಬರೋ ಹಾಗಾಯಿತು. ಇದರ ನಡುವೆಯೇ, 1980ರ ದಶಕದ ಮಧ್ಯದಲ್ಲಿ, ಹೊರದೇಶದ ಬಂದೂಕುಗಳ ಆಮದು ಸಾಮಾನ್ಯ ಜನರಿಗೆ ನಿಂತಿತು. ಅಲ್ಲಿಯವರೆಗೆ ಅಂಗಡಿಯ ಗೋಡೆಗೆ ಇಂಗ್ಲೆಂಡಿನ ವೆಬ್ಲಿ ಅಂಡ್ ಸ್ಕಾಟ್, ಗ್ರೀನರ್, ಬೆಲ್ಜಿಯಂನ ಜೋಡಿ ನಳಿಗೆಗಳು ಒರಗಿ ನಿಂತಿರುತ್ತಿದ್ದವು. ಅದಾದ ಮೇಲೆ ಸರ್ಕಾರಿ ಕಾರ್ಖಾನೆಯ ಮಾಲು, ಮುಂಗೇರ್ ಮತ್ತು ಜಮ್ಮುವಿನ ಸಣ್ಣ ತಯಾರಕರ ಕೋವಿ, ಇಲ್ಲದಿದ್ದರೆ ಕೈ ಬದಲಾದ ಹಳೇ ಕೋವಿ, ಇಷ್ಟೇ. ಕಾನ್ಪುರದ ರಿವಾಲ್ವರ್, ಈಶಾಪುರದ .315 ರೈಫಲ್, ಖಡ್ಕಿಯ ಶಕ್ತಿಮಾನ್ ತೋಟಾ. ರಿವಾಲ್ವರ್ ಬೇಕಾದವರು ನೇರವಾಗಿ ಕಾರ್ಖಾನೆಯಲ್ಲೇ ಬುಕ್ ಮಾಡಬಹುದಿತ್ತು, ಅಂಗಡಿಗೆ ಅದರಲ್ಲಿ ಏನು ಸಿಕ್ಕೀತು? 2014ರಲ್ಲಿ ಹೆಂಗಸರಿಗೆಂದು ನಿರ್ಭೀಕ್ ಎಂಬ ಹಗುರ ರಿವಾಲ್ವರ್ ಬಂತು, ಬೆಲೆ 1 ಲಕ್ಷ 20 ಸಾವಿರಕ್ಕೂ ಜಾಸ್ತಿ. ಅಡಿಕೆ ಬೆಳೆಗಾರರ ಪೇಟೆಯಲ್ಲಿ ಅದನ್ನು ಕೇಳಿದವರು ಯಾರೂ ಇಲ್ಲ.

ಹೊಸ ಲೈಸೆನ್ಸ್ ಸಿಗೋದು ಕಷ್ಟವಾಯಿತು. ಹಳೇ ಲೈಸೆನ್ಸ್‌ದಾರರು ಒಬ್ಬೊಬ್ಬರಾಗಿ ತೀರಿಕೊಂಡರು. ಮಕ್ಕಳು ಬೆಂಗಳೂರಿನಲ್ಲಿ. ಗಿರಾಕಿ ಅನ್ನೋರು ಹೀಗೆ ಕರಗಿಹೋದರು. 2019ರ ಡಿಸೆಂಬರಿನಲ್ಲಿ ಶಸ್ತ್ರಾಸ್ತ್ರ ಕಾಯ್ದೆಗೆ ಇನ್ನೊಂದು ತಿದ್ದುಪಡಿ ಬಂತು. ಒಬ್ಬರಿಗೆ ಮೂರು ಬಂದೂಕು ಇಟ್ಟುಕೊಳ್ಳಬಹುದಿತ್ತು, ಅದನ್ನು ಒಂದಕ್ಕೆ ಇಳಿಸಲು ಹೊರಟು ಕೊನೆಗೆ ಎರಡಕ್ಕೆ ನಿಲ್ಲಿಸಿದರು. ಮೂರನೆಯದನ್ನು ಒಂದು ವರ್ಷದೊಳಗೆ ಠಾಣೆಗೆ ಅಥವಾ ಅಂಗಡಿಗೆ ಒಪ್ಪಿಸಬೇಕಾಯಿತು. ಲೈಸೆನ್ಸಿನ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿತು, ಇದು ರೈತರಿಗೆ ಒಳ್ಳೆಯದೇ ಆಯಿತು. ಆದರೆ ಅಂಗಡಿಯವರ ಕಡೆಯಿಂದ ನೋಡಿ. ಮಾರೋಕೆ ಬಂದ ಹಳೇ ಕೋವಿಗಳು ಜಾಸ್ತಿ, ಕೊಳ್ಳುವವರು ಇಲ್ಲ. ಮಾವನ ಕೊನೆಯ ವರ್ಷಗಳಲ್ಲಿ ಅಂಗಡಿ ತುಂಬ ಕೋವಿ ಇತ್ತು, ಅದರಲ್ಲಿ ಅವರದು ಅನ್ನೋದು ಮೂರೋ ನಾಲ್ಕೋ. ಉಳಿದದ್ದೆಲ್ಲ ಬೇರೆಯವರು ಇಟ್ಟುಹೋದದ್ದು.

ಹೀಗೆ ಮಾರುವ ಅಂಗಡಿ ಕಾಯುವ ಅಂಗಡಿಯಾಯಿತು. ಚುನಾವಣೆ ಘೋಷಣೆ ಆಯಿತೆಂದರೆ ಕೋವಿ ಡಿಪಾಸಿಟ್ ಮಾಡಿ ಅಂತ ನೋಟಿಸ್ ಬರುತ್ತದೆ, ಮಲೆನಾಡು ಕರಾವಳಿಯವರಿಗೆ ಇದನ್ನು ಹೇಳಬೇಕಾಗಿಲ್ಲ. ಠಾಣೆಯ ಮೂಲೆಯಲ್ಲಿ ರಾಶಿ ಹಾಕುತ್ತಾರೆ, ತುಕ್ಕು ಹಿಡಿಯುತ್ತದೆ ಅಂತ ಎಷ್ಟೋ ಜನ ಬಾಡಿಗೆ ಕೊಟ್ಟು ಅಂಗಡಿಯಲ್ಲಿ ಇಡುತ್ತಿದ್ದರು. ಮಾವ ಪ್ರತಿ ನಳಿಗೆಗೂ ಎಣ್ಣೆ ಬಟ್ಟೆ ಎಳೆದು, ಹೆಸರು ಬರೆದ ಚೀಟಿ ಕಟ್ಟಿ, ಸಾಲಾಗಿ ನಿಲ್ಲಿಸುತ್ತಿದ್ದರು. ಆ ಎರಡು ತಿಂಗಳ ಬಾಡಿಗೆಯಲ್ಲೇ ವರ್ಷದ ಅರ್ಧ ಖರ್ಚು ಹೋಗುತ್ತಿತ್ತು ಅಂತ ಅತ್ತೆ ಈಗಲೂ ಹೇಳುತ್ತಾರೆ.

ಇದರ ಜೊತೆಗೆ ಲೆಕ್ಕಪತ್ರದ ಹೊರೆ. ಒಂದು ತೋಟಾ ಮಾರಿದರೂ ರಿಜಿಸ್ಟರಿನಲ್ಲಿ ಬರೆಯಬೇಕು, ಕೊಂಡವರ ಪುಸ್ತಕದಲ್ಲೂ ಬರೆಯಬೇಕು. ಈಗ ಪ್ರತಿ ಲೈಸೆನ್ಸಿಗೂ ಯುಐಎನ್ ಅನ್ನೋ ಗುರುತಿನ ನಂಬರ್, ಎಲ್ಲವೂ ಕಂಪ್ಯೂಟರಿನಲ್ಲಿ. ಇದನ್ನು ನಾನು ತಪ್ಪು ಅನ್ನೋದಿಲ್ಲ. ಬಂದೂಕು ಮಾರುವವರ ಲೆಕ್ಕ ಬಿಗಿಯಾಗಿಯೇ ಇರಬೇಕು. 1914ರ ಆಗಸ್ಟ್ 26ರಂದು ಕಲ್ಕತ್ತೆಯ ರೊಡ್ಡಾ ಎಂಬ ಬಂದೂಕು ವ್ಯಾಪಾರದ ಕಂಪನಿಗೆ ಬಂದ ಮಾಲಿನಲ್ಲಿ 50 ಮೌಸರ್ ಪಿಸ್ತೂಲು, 46 ಸಾವಿರ ಗುಂಡು ಹಾದಿಯಲ್ಲೇ ಕ್ರಾಂತಿಕಾರಿಗಳ ಪಾಲಾದವು, ಅದೂ ಅಂಗಡಿಯ ನೌಕರನೊಬ್ಬನ ಕೈಯಿಂದಲೇ. ಬ್ರಿಟಿಷರಿಗೆ ಈ ಭಯ ಅದಕ್ಕೂ ಮೊದಲಿನದು. 1857ರಲ್ಲಿ ಆಯುಧ ಒಪ್ಪಿಸಿ ಅಂತ ಕಾನೂನು ತಂದಾಗ ಮುಧೋಳ ಸೀಮೆಯ ಹಲಗಲಿ ಬೇಡರು ಒಪ್ಪದೆ ಹೋರಾಡಿ ಸತ್ತರು, ನಮ್ಮ ಕಡೆ ಲಾವಣಿ ಕೇಳಿದವರಿಗೆಲ್ಲ ಅದು ಗೊತ್ತು. 1878ರ ಶಸ್ತ್ರ ಕಾಯ್ದೆ, ಸ್ವಾತಂತ್ರ್ಯದ ಮೇಲೆ 1959ರ ಕಾಯ್ದೆ, ಎಲ್ಲ ಅದೇ ಜಾಡಿನಲ್ಲಿ ಬಂದವು. ನನ್ನ ಬೇಸರ ಇಷ್ಟೇ. ನಿಯಮ ಬಿಗಿ ಮಾಡುವಾಗ ನೂರಾರು ನೌಕರರಿರುವ ಕಂಪನಿಗೂ, ಒಬ್ಬರೇ ಕೂತು ಎಪ್ಪತ್ತನೇ ವಯಸ್ಸಿನಲ್ಲಿ ಕಂಪ್ಯೂಟರ್ ಕಲಿಯಬೇಕಾದ ಅಂಗಡಿಯವರಿಗೂ ಒಂದೇ ಅಳತೆ ಹಿಡಿದರು. ಮಾವ ತಮ್ಮ ಲೈಸೆನ್ಸ್ ನವೀಕರಣಕ್ಕೆ ಹನ್ನೊಂದು ತಿಂಗಳು ಅಲೆದರು. ಹನ್ನೆರಡನೇ ತಿಂಗಳಿಗೆ ಸಾಕು ಅಂತ ಬಾಗಿಲು ಹಾಕಿದರು.

ಪ್ರಶ್ನೆ: ನಮ್ಮ ತೋಟದ ಕೋವಿಯ ಕುದುರೆ (ತೋಟಾಕ್ಕೆ ಪೆಟ್ಟು ಕೊಡುವ ಭಾಗ) ಸಡಿಲವಾಗಿದೆ, ಎರಡು ಸಲ ಈಡು ಹಾರಲಿಲ್ಲ. ಹತ್ತಿರದಲ್ಲಿ ಕೋವಿ ಅಂಗಡಿ ಇಲ್ಲ. ಊರಿನ ವೆಲ್ಡಿಂಗ್ ಶಾಪಿನವನು ಮಾಡಿಕೊಡುತ್ತೇನೆ ಅನ್ನುತ್ತಾನೆ. ಕೊಡಬಹುದಾ?
— ತೀರ್ಥಹಳ್ಳಿ ಕಡೆಯ ರೈತರು

ಉತ್ತರ: ದಯವಿಟ್ಟು ಕೊಡಬೇಡಿ. ಕೋವಿ ರಿಪೇರಿ ಮಾಡೋಕೂ ಲೈಸೆನ್ಸ್ ಬೇಕು, ಇಲ್ಲದಿದ್ದರೆ ಅವನೂ ನೀವೂ ಸಿಕ್ಕಿಹಾಕಿಕೊಳ್ಳುತ್ತೀರಿ. ಅದಕ್ಕಿಂತ ದೊಡ್ಡ ಮಾತು ನಿಮ್ಮ ಕೈ, ಕಣ್ಣು. ಕುದುರೆ ಸಡಿಲ ಅಂದರೆ ಬೇಡದ ಹೊತ್ತಿನಲ್ಲೂ ಈಡು ಹಾರಬಹುದು. ಕೋವಿ ಖಾಲಿ ಮಾಡಿ, ಬಟ್ಟೆ ಸುತ್ತಿ, ಬೀಗದೊಳಗೆ ಇಡಿ. ಶಿವಮೊಗ್ಗಕ್ಕೋ ಮಂಗಳೂರಿಗೋ ಹೋಗಬೇಕಾದರೂ ಲೈಸೆನ್ಸ್ ಇರುವವರ ಹತ್ತಿರವೇ ಹೋಗಿ, ಮೊದಲು ಫೋನ್ ಮಾಡಿ ಮೇಸ್ತ್ರಿ ಇದ್ದಾರಾ ಅಂತ ಕೇಳಿಕೊಳ್ಳಿ. ಈಗ ಎಷ್ಟೋ ಕಡೆ ಅಂಗಡಿ ಇದ್ದರೂ ಮೇಸ್ತ್ರಿ ಇಲ್ಲ.

ಇನ್ನೊಂದು ವಿಷಯ. ನಿಮ್ಮ ಕೋವಿ ಎಷ್ಟು ಹಳೆಯದು ಅಂತ ನೀವು ಬರೆದಿಲ್ಲ. ನಳಿಗೆಯ ಮೇಲೆ ಹಾವಿನ ಮೈಯಂಥ ಬಳ್ಳಿ ಬಳ್ಳಿ ಗೆರೆ ಕಾಣುತ್ತಿದ್ದರೆ ಅದು ಕಬ್ಬಿಣ ಉಕ್ಕಿನ ಪಟ್ಟಿಗಳನ್ನು ಸುತ್ತಿ ಬೆಸೆದ ಡಮಾಸ್ಕಸ್ ನಳಿಗೆ. ಹಳೇ ಕಪ್ಪು ಮದ್ದಿನ ಕಾಲದ್ದು. ಅದಕ್ಕೆ ಈಗಿನ ತೋಟಾ ಹಾಕಿದರೆ ನಳಿಗೆ ಸೀಳಬಹುದು. ಅದೇ ರೀತಿ ಹಳೇ ಇಂಗ್ಲಿಷ್ ಕೋವಿಗಳ ತೋಟಾ ಕೂರುವ ಜಾಗ 65 ಮಿಲಿಮೀಟರ್ ಉದ್ದದ ತೋಟಾಕ್ಕೆ ಮಾಡಿದ್ದು ಇರುತ್ತದೆ, 70ರ ತೋಟಾ ಒಳಗೆ ಕೂರುತ್ತದೆ, ಮುಚ್ಚಲೂ ಬರುತ್ತದೆ, ಆದರೆ ಸಿಡಿದಾಗ ಬಾಯಿ ಬಿಚ್ಚಲು ಜಾಗ ಸಾಲದೆ ಒತ್ತಡ ವಿಪರೀತ ಏರುತ್ತದೆ. ಇದನ್ನು ಮಾವ ಗಿರಾಕಿಗೆ ಪಾಠ ಮಾಡುತ್ತಿರಲಿಲ್ಲ. ಕೋವಿಯನ್ನು ನಡುವೆ ಬಗ್ಗಿಸಿ ತೆರೆದು ಒಳಗೆ ಇಣುಕಿ, ಇದಕ್ಕೆ ಇದೇ ತೋಟಾ, ಬೇರೆ ಕೊಡೋದಿಲ್ಲ ಅಂತ ಹೇಳಿ ಮುಗಿಸುತ್ತಿದ್ದರು. ಯಾರ ಮನೆಯಲ್ಲಿ ಯಾವ ಕೋವಿ, ಅದಕ್ಕೆ ಏನು ಕಾಯಿಲೆ ಅನ್ನೋದು ಅವರ ತಲೆಯಲ್ಲಿತ್ತು. ಕುಡಿದು ಬಂದವರಿಗೆ, ಅಣ್ಣತಮ್ಮಂದಿರ ಗಡಿ ಜಗಳ ನಡೀತಿದೆ ಅಂತ ಗೊತ್ತಿದ್ದ ಮನೆಯವರಿಗೆ, ಸ್ಟಾಕ್ ಇಲ್ಲ ಮುಂದಿನ ವಾರ ಬನ್ನಿ ಅನ್ನುತ್ತಿದ್ದರು. ಸ್ಟಾಕ್ ಅಲ್ಲೇ ಕಪಾಟಿನಲ್ಲಿ ಇರುತ್ತಿತ್ತು. ಊರಿನ ಅಂಗಡಿ ಹೋದಾಗ ನಾವು ಕಳೆದುಕೊಂಡಿದ್ದು ಇದನ್ನು. ಕಂಪ್ಯೂಟರಿನಲ್ಲಿ ಯುಐಎನ್ ಇದೆ, ಕುದುರೆ ಸಡಿಲವಾದದ್ದು ಅದಕ್ಕೆ ಗೊತ್ತಾಗೋದಿಲ್ಲ.

ತೋಟಕ್ಕೆ ನುಗ್ಗುವ ಕಾಡುಹಂದಿಯನ್ನು ಹೊಡೆಯಬಹುದಾ ಅಂತಲೂ ಪತ್ರದಲ್ಲಿ ಕೇಳಿದ್ದೀರಿ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹೊಡೆಯುವಂತಿಲ್ಲ. ಬೆಳೆ ರಕ್ಷಣೆಯ ಲೈಸೆನ್ಸ್ ಅಂದರೆ ಶಿಕಾರಿಗೆ ಪರವಾನಗಿ ಅಲ್ಲ.

ಪ್ರಶ್ನೆ: ಕೊಡಗಿನಲ್ಲಿ ಮನೆಮನೆಗೂ ಕೋವಿ ಇದೆ, ಲೈಸೆನ್ಸ್ ಕೂಡ ಬೇಡ. ಹಾಗಾದರೆ ಅಲ್ಲಿ ಕೋವಿ ಅಂಗಡಿಗಳಿಗೆ ಒಳ್ಳೆ ವ್ಯಾಪಾರ ಇರಬೇಕಲ್ವಾ?
— ಹಾಸನದ ಓದುಗರು

ಉತ್ತರ: ಎಲ್ಲರಿಗೂ ಲೈಸೆನ್ಸ್ ಬೇಡ ಅನ್ನೋದು ಸರಿಯಲ್ಲ. ವಿನಾಯಿತಿ ಇರೋದು ಕೊಡವ ಜನಾಂಗದವರಿಗೆ ಮತ್ತು ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನು) ಹಿಡುವಳಿದಾರರಿಗೆ. 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕಾಲದಲ್ಲಿ ಕೊಟ್ಟದ್ದು, 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್ ವರೆಗೆ ಮುಂದುವರಿಸಿತು. ಇದನ್ನು ಪ್ರಶ್ನಿಸಿದ ಅರ್ಜಿಯನ್ನು ಹೈಕೋರ್ಟ್ 2021ರಲ್ಲಿ ತಳ್ಳಿಹಾಕಿತು. ವಿನಾಯಿತಿ ಇದ್ದವರೂ ಅದರ ಪತ್ರ ಮಾಡಿಸಿಕೊಂಡು ಇಟ್ಟುಕೊಳ್ಳಬೇಕು.

ವ್ಯಾಪಾರದ ಮಾತಿಗೆ ಬಂದರೆ, ಅಲ್ಲಿ ಕೋವಿ ಕೊಳ್ಳುವ ವಸ್ತುವಿಗಿಂತ ಮನೆಯ ಹಿರಿಯರಿಂದ ಬರುವ ವಸ್ತು. ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದಿನ ದಿನ ತೋಕ್ ಅಂದರೆ ಕೋವಿಯನ್ನು ದೇವರ ಮುಂದೆ ಇಟ್ಟು, ಹೂ ಮುಡಿಸಿ ಪೂಜೆ ಮಾಡುತ್ತಾರೆ. ಸುಗ್ಗಿ ಹಬ್ಬ ಪುತ್ತರಿಯಲ್ಲಿ ಕದಿರು ತೆಗೆಯುವಾಗ ಈಡು, ಮನೆಯಲ್ಲಿ ಸಾವಾದರೆ ಈಡು. ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಗಳು ಇವೆ. ಹಾಗಾಗಿ ತೋಟಾ, ಎಣ್ಣೆ, ಹಿಡಿ ಪಾಲಿಶ್, ರಿಪೇರಿಗೆ ಕೇಳುವವರು ಇದ್ದೇ ಇದ್ದಾರೆ, ಹಬ್ಬದ ಹಿಂದಿನ ವಾರ ಅಂಗಡಿಗೆ ಕೆಲಸ ಇರುತ್ತದೆ. ಹಬ್ಬ ಇದ್ದ ಕಡೆ ಅಂಗಡಿಗೆ ಒಂದು ಉಸಿರು ಇದೆ, ನಮ್ಮ ಕಡೆ ಅದೂ ಇಲ್ಲ.

ಪ್ರಶ್ನೆ: ನಮ್ಮ ಊರಿನ ಹಳೇ ಗನ್ ಹೌಸಿನಲ್ಲಿ ಈಗ ಏರ್ ಗನ್ ಮಾತ್ರ ಇಟ್ಟಿದ್ದಾರೆ. ಹನ್ನೆರಡು ವರ್ಷದ ಮಗ ಬೇಕು ಅಂತ ಹಟ ಹಿಡಿದಿದ್ದಾನೆ. ಆಟದ ಸಾಮಾನೇ ಅಲ್ವಾ, ಕೊಡಿಸಬಹುದಾ ಮೇಡಂ/ಸಾರ್?
— ದಾವಣಗೆರೆಯ ಒಬ್ಬ ತಾಯಿ

ಉತ್ತರ: ಆಟದ ಸಾಮಾನು ಅಲ್ಲಮ್ಮ. ಶಕ್ತಿ 20 ಜೌಲ್ ಒಳಗೆ, ನಳಿಗೆ .177 ಇಂಚಿನ ಅಳತೆಯೊಳಗೆ ಇದ್ದರೆ ಲೈಸೆನ್ಸ್ ಬೇಡ, ಅಷ್ಟೇ. ಆ ಚಿಕ್ಕ ಸೀಸದ ಗುಂಡು ಕಣ್ಣಿಗೆ ತಾಗಿದರೆ ಕಣ್ಣು ಹೋಗುತ್ತದೆ. ಹಕ್ಕಿಗೆ ಹೊಡೆದರೆ ಕೇಸು ಆಗುತ್ತದೆ. ಮನೆಯಲ್ಲಿ ಇಟ್ಟುಕೊಳ್ಳೋಕೆ ಕೊಡಿಸಬೇಡಿ. ಮಗನಿಗೆ ನಿಜವಾಗಿ ಆಸೆ ಇದ್ದರೆ ಶೂಟಿಂಗ್ ಕಲಿಸುವ ರೇಂಜಿಗೆ ಸೇರಿಸಿ. 2008ರ ಒಲಿಂಪಿಕ್ಸಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಏರ್ ರೈಫಲ್ಲಿನಲ್ಲೇ, 2024ರಲ್ಲಿ ಪ್ಯಾರಿಸ್ಸಿನಲ್ಲಿ ಮನು ಭಾಕರ್ ಎರಡು ಕಂಚು ತಂದದ್ದು ಏರ್ ಪಿಸ್ತೂಲಿನಲ್ಲಿ. ಮೊದಲ ದಿನ ಅಲ್ಲಿ ಕಲಿಸೋದು ಗುಂಡು ಹಾರಿಸೋದನ್ನಲ್ಲ, ನಳಿಗೆ ಯಾವ ಕಡೆ ಇರಬೇಕು ಅನ್ನೋದನ್ನು.

ಅಂಗಡಿ ಬದಲಾದದ್ದೂ ಇದರಿಂದಲೇ. ಏರ್ ರೈಫಲ್, ಸೀಸದ ಗುಂಡಿನ ಡಬ್ಬಿ, ಟಾರ್ಗೆಟ್ ಕಾಗದ, ಶೂಟಿಂಗ್ ಜಾಕೆಟ್, ಕಿವಿಗೆ ಹಾಕುವ ಮಫ್, ಇವುಗಳಿಂದಲೇ ಎಷ್ಟೋ ಗನ್ ಹೌಸ್‌ಗಳು ಉಳಿದಿವೆ. ಬೋರ್ಡು ಅದೇ, ಒಳಗಿನ ಗಿರಾಕಿ ಬೇರೆ.

ಪ್ರಶ್ನೆ: ನಾನು ಟೆಕ್ಸಾಸಿನಲ್ಲಿದ್ದೇನೆ. ಇಲ್ಲಿ ಬಂದೂಕಿಗೆ ಏನೂ ಕೊರತೆ ಇಲ್ಲ, ಆದರೂ ನಮ್ಮ ಬೀದಿ ಕೊನೆಯ ಪುಟ್ಟ ಗನ್ ಶಾಪ್ ಮುಚ್ಚಿತು. ಇಲ್ಲೂ ಹೀಗೇನಾ?
— ಹ್ಯೂಸ್ಟನ್ ಕನ್ನಡಿಗರು

ಉತ್ತರ: ಕಾರಣ ಬೇರೆ, ಕೊನೆ ಸುಮಾರು ಒಂದೇ. ನಿಮ್ಮಲ್ಲಿ 1994ರ ಸುಮಾರಿಗೆ ಲೈಸೆನ್ಸ್ ಇದ್ದ ಡೀಲರುಗಳು 2 ಲಕ್ಷ 45 ಸಾವಿರದಷ್ಟಿದ್ದರು. ವರ್ಷಕ್ಕೆ 10 ಡಾಲರ್ ಕಟ್ಟಿದರೆ ಲೈಸೆನ್ಸ್ ಸಿಗುತ್ತಿತ್ತು, ಬಹಳ ಜನ ಮನೆಯ ಅಡುಗೆ ಮೇಜಿನ ಮೇಲೇ ವ್ಯಾಪಾರ ಮಾಡುತ್ತಿದ್ದರು. ಕೊಳ್ಳುವವರ ಹಿನ್ನೆಲೆ ತಪಾಸಣೆ ತಂದ ಬ್ರೇಡಿ ಕಾಯ್ದೆಯ ಹೊತ್ತಿಗೆ ಶುಲ್ಕ ಮೂರು ವರ್ಷಕ್ಕೆ 200 ಡಾಲರ್ ಆಯಿತು, ಬೆರಳಚ್ಚು, ಫೋಟೊ ಬೇಕಾಯಿತು, ಊರಿನ ನಿಯಮಕ್ಕೂ ಒಪ್ಪಿಗೆಯಾಗಬೇಕಾಯಿತು. ಹನ್ನೆರಡು ಹದಿಮೂರು ವರ್ಷದಲ್ಲಿ ಸಂಖ್ಯೆ ಸುಮಾರು 50 ಸಾವಿರಕ್ಕೆ ಇಳಿಯಿತು. ಹೀಗೆ ಕಡಿಮೆಯಾದದ್ದು ಒಳ್ಳೆಯದೇ ಆಯಿತು ಅನ್ನೋದು ನನ್ನ ಅಭಿಪ್ರಾಯ. ಹೆಸರಿಗೆ ಮಾತ್ರ ಅಂಗಡಿಯಾಗಿದ್ದವು ಹೋದವು.

ಉಳಿದ ನಿಜವಾದ ಸಣ್ಣ ಅಂಗಡಿಗಳಿಗೆ ಪೆಟ್ಟು ಕೊಟ್ಟದ್ದು ದೊಡ್ಡ ಮಳಿಗೆಗಳು ಮತ್ತು ಇಂಟರ್ನೆಟ್. ನಿಮ್ಮಲ್ಲಿ ಆನ್‌ಲೈನಿನಲ್ಲಿ ಬಂದೂಕು ಕೊಂಡರೂ ಅದು ಊರಿನ ಲೈಸೆನ್ಸ್‌ದಾರ ಅಂಗಡಿಗೇ ಬರಬೇಕು, ಅಲ್ಲಿ ಕೊಳ್ಳುವವರ ಹಿನ್ನೆಲೆ ತಪಾಸಣೆ ಆಗಬೇಕು. ಅದಕ್ಕೆ ಅಂಗಡಿಯವರಿಗೆ ಸಿಗೋದು ಒಂದು ಸಣ್ಣ ಶುಲ್ಕ. ಅಂದರೆ ಅಲ್ಲೂ ಅಂಗಡಿ ಬೇರೆಯವರ ಬಂದೂಕನ್ನು ಕೈಯಿಂದ ಕೈಗೆ ದಾಟಿಸುವ ಜಾಗವಾಗಿದೆ. ನನ್ನ ಮಾವನ ಅಂಗಡಿಯ ಕೊನೆಯ ದಿನಗಳು ನೆನಪಾದವು.

ಪ್ರಶ್ನೆ: ಅಪ್ಪನಿಗೆ ವಯಸ್ಸಾಗಿದೆ. ನಮ್ಮದು ಚಿಕ್ಕ ಪೇಟೆಯ ಕೋವಿ ಅಂಗಡಿ, ಮೂರು ತಲೆಮಾರಿನದು. ಮುಂದುವರಿಸಲಾ, ಬಿಡಲಾ?
— ಹೆಸರು ಬೇಡ ಎಂದವರು

ಉತ್ತರ: ಕಷ್ಟದ ಪ್ರಶ್ನೆ, ಆದರೂ ನೇರವಾಗಿ ಹೇಳುತ್ತೇನೆ. ಕೋವಿ ಮಾರಿ ಸಂಸಾರ ನಡೆಸುತ್ತೇನೆ ಅಂತಿದ್ದರೆ ಬೇಡ. ಹೊಸದಾಗಿ ತಯಾರಿಸುವ ಕಂಪನಿಗಳು ಬಂದಿವೆ. 2021ರಲ್ಲಿ ಸರ್ಕಾರದ ಆರ್ಡ್ನೆನ್ಸ್ (ಶಸ್ತ್ರಾಸ್ತ್ರ) ಕಾರ್ಖಾನೆಗಳನ್ನು ಏಳು ಕಂಪನಿಗಳಾಗಿ ಒಡೆದರು, ಉತ್ತರ ಪ್ರದೇಶದ ಸಂಡೀಲಾದಲ್ಲಿ ವೆಬ್ಲಿಯ ಹೆಸರಿನಲ್ಲಿ ರಿವಾಲ್ವರ್ ತಯಾರಾಗುತ್ತಿದೆ, ನಮ್ಮ ಬೆಂಗಳೂರಿನ ಎಸ್‌ಎಸ್‌ಎಸ್ ಡಿಫೆನ್ಸ್ ಸೇನೆ, ಪೊಲೀಸರಿಗಾಗಿ ರೈಫಲ್ ಮಾಡುತ್ತದೆ. ಇದರಲ್ಲಿ ಯಾವುದೂ ಅಡಿಕೆ ತೋಟದ ರೈತನ ಬಾಗಿಲಿಗೆ ಬರುವ ಮಾಲು ಅಲ್ಲ.

ನಿಮಗೆ ರಿಪೇರಿ ಕೈಗೆ ಹತ್ತಿದ್ದರೆ ಮುಂದುವರಿಸಿ. ನಾಲ್ಕು ತಾಲ್ಲೂಕಿಗೆ ಒಬ್ಬ ಒಳ್ಳೆ ಮೇಸ್ತ್ರಿ ಇಲ್ಲ, ಮೇಲಿನ ತೀರ್ಥಹಳ್ಳಿಯವರ ಪತ್ರ ನೋಡಿ. ಡಿಪಾಸಿಟ್, ರಿಪೇರಿ, ಏರ್ ರೈಫಲ್, ಹತ್ತಿರದಲ್ಲಿ ರೇಂಜ್ ಇದ್ದರೆ ಅವರ ಸಾಮಾನು, ಇಷ್ಟರಲ್ಲಿ ಅಂಗಡಿ ತೂಗಬಹುದು. ಜೊತೆಗೆ ಇನ್ನೊಂದು ಆದಾಯ ಇರಲೇಬೇಕು. ಅಪ್ಪನಿಗೆ ಶಕ್ತಿ ಇರುವಾಗಲೇ ಲೈಸೆನ್ಸಿಗೆ ನಿಮ್ಮ ಹೆಸರು ಸೇರಿಸುವ ಅರ್ಜಿ ಹಾಕಿ, ಅಪ್ಪನ ಪಕ್ಕ ಕೂತು ಒಂದೊಂದು ಕೋವಿಯ ಕಥೆಯನ್ನೂ ಬರೆದುಕೊಳ್ಳಿ.

ಬಿಡೋದಾದರೆ ಸುಮ್ನೆ ಬಾಗಿಲು ಹಾಕಬೇಡಿ. ಡಿಪಾಸಿಟ್ ಇಟ್ಟ ಪ್ರತಿಯೊಬ್ಬರಿಗೂ ಸ್ಪೀಡ್ ಪೋಸ್ಟಿನಲ್ಲಿ ಕಾಗದ ಹಾಕಿ, ತೀರಿಕೊಂಡವರ ಮಕ್ಕಳ ವಿಳಾಸ ಹುಡುಕಿ ಹಾಕಿ. ಕೋವಿಗಳು ಎಲ್ಲಿಗೆ ಹೋಗುತ್ತವೆ ಅಂತ ಅದರಲ್ಲಿ ಬರೆದಿರಲಿ, ಅದೇ ವಿಷಯ ಒಂದು ಹಾಳೆಯಲ್ಲಿ ಬರೆದು ಬಾಗಿಲಿಗೂ ಅಂಟಿಸಿ. ಆಮೇಲೆ ಅಲ್ಲಿ ಮೊಬೈಲ್ ಕವರ್ ಅಂಗಡಿ ಬಂದರೆ ಅವರ ಹತ್ತಿರವೂ ನಿಮ್ಮ ಫೋನ್ ನಂಬರ್ ಕೊಟ್ಟಿರಿ, ಸಾಗರದ ಕಡೆಯಿಂದ ಯಾರಾದರೂ ರಸೀದಿ ಹಿಡಿದುಕೊಂಡು ಬಂದಾರು.